ಹಿತ್ತಲ ಗೋಡೆಯ ಗೆರೆಗಳು

ನಾನು ಇನ್ನೂ ಚಿಕ್ಕವನಿದ್ದಾಗ, ಚಾಮರಾಜಪೇಟೆಯ ನಮ್ಮ ಮನೆಯಲ್ಲಿ ಕಕ್ಕಸು ಹಿತ್ತಲಿನ ತುದಿಯಲ್ಲಿತ್ತು. ಅಡುಗೆಮನೆ ಬಾಗಿಲಿನ ದೀಪದ ಬೆಳಕು ಬಟ್ಟೆ ಒಗೆಯುವ ಕಲ್ಲಿನವರೆಗೆ ಬಂದು ನಿಲ್ಲುತ್ತಿತ್ತು. ಅಲ್ಲಿಂದ ಮುಂದೆ ಬಾವಿ, ನುಗ್ಗೆಮರ, ಕೊನೆಗೆ ಗಾಳಿಗೆ ಕಿರುಗುಟ್ಟುವ ತಗಡಿನ ಬಾಗಿಲು. ಕತ್ತಲಾದ ಮೇಲೆ ಅಕ್ಕನ ಕೈ ಹಿಡಿಯದೆ ನಾನು ಅತ್ತ ಹೋದವನೇ ಅಲ್ಲ. ಅಕ್ಕ ಇಲ್ಲದ ಸಂಜೆ ಹೊಟ್ಟೆ ನೋಯುವವರೆಗೂ ತಡೆದುಕೊಂಡು ಕೂರುತ್ತಿದ್ದೆ.

ಅಕ್ಕನಿಗೆ ಮೈಸೂರಿನ ಕಾಲೇಜಿನಲ್ಲಿ ಸೀಟು ಸಿಕ್ಕಿತು. “ಅವಳು ಹಾಸ್ಟೆಲ್‌ಗೆ ಹೋದ್ಮೇಲೆ ಏನ್ ಮಾಡ್ತೀಯೋ? ಕೈನ ಪೋಸ್ಟ್‌ನಲ್ಲಿ ಕಳಿಸ್ತಾಳಾ?” ಎಂದು ಅಪ್ಪ ನಕ್ಕರು. ನನಗೆ ನಗು ಬರಲಿಲ್ಲ.

ಅಕ್ಕ ಒಂದು ತುಂಡು ಸೀಮೆಸುಣ್ಣ ಕೊಟ್ಟಳು. “ದಿನಾ ಸಂಜೆ ಒಬ್ನೇ ಹೋಗು. ಎಲ್ಲಿ ಭಯ ಆಗುತ್ತೋ ಅಲ್ಲಿ ಗೋಡೆ ಮೇಲೆ ಒಂದು ಗೆರೆ ಎಳೆದು ಓಡಿ ಬಾ. ನಾನು ಬಾಗಿಲಲ್ಲೇ ಇರ್ತೀನಿ. ನಾಳೆ ಗೆರೆ ಒಂಚೂರು ಮುಂದೆ ಹೋದ್ರೆ ಸಾಕು ಕಣೋ.”

ಗೆರೆಗಳು ಒಗೆಯುವ ಕಲ್ಲು ದಾಟಿದವು. ಬಾವಿಯ ಹತ್ತಿರ ನಿಂತುಬಿಟ್ಟವು. ಆಳದಲ್ಲಿ ಏನೋ ತೊಟ್ಟಿಕ್ಕುವ ಸದ್ದು, ಪಾಚಿಯ ತಣ್ಣನೆ ವಾಸನೆ. ನಿನ್ನೆಯ ಬಿಳಿ ಗೆರೆ ಕಂಡ ಕೂಡಲೇ ಕಾಲು ತಾನಾಗಿ ಹಿಂದಕ್ಕೆ ತಿರುಗುತ್ತಿತ್ತು. ಸಂಜೆ ಮೇಲೆ ಸಂಜೆ ಗೆರೆಗಳು ಅಲ್ಲೇ ಗುಂಪುಗೂಡಿದವು.

ಅಕ್ಕ ಹೊರಡುವ ಹಿಂದಿನ ಸಂಜೆ ಗೋಡೆ ಸವರುತ್ತ ಹೊರಟೆ. ಗೋಡೆ ಒದ್ದೆಯಾಗಿತ್ತು. ಮಧ್ಯಾಹ್ನ ಮಳೆ ಬಂದಿತ್ತೆಂದು ನನ್ನ ನೆನಪು. ಒದ್ದೆ ಬಟ್ಟೆಯಲ್ಲಿ ತಾನೇ ಒರೆಸಿದ್ದೆಂದು ಅಕ್ಕ ಈಗಲೂ ಹೇಳುತ್ತಾಳೆ. ಯಾವುದು ನಿಜವೋ ತಿಳಿಯದು. ಗೆರೆಗಳಂತೂ ಇರಲಿಲ್ಲ. ಅಷ್ಟೂ ಸಂಜೆಗಳು ಅಳಿಸಿಹೋದವು, ಇನ್ನು ಮೊದಲಿನಿಂದಲೇ ಶುರು ಎಂದು ಭಯವಾಯಿತು. ನಿನ್ನೆ ತಿರುಗಿದ ಜಾಗ ಇದೇನಾ, ಇನ್ನೂ ಮುಂದೆಯಾ ಎಂದು ಹುಡುಕುತ್ತಲೇ ಹೋದೆ. ನುಗ್ಗೆಯ ತಣ್ಣನೆ ಎಲೆ ಕೆನ್ನೆಗೆ ತಾಗಿತು. ಆಗ ಬೆರಳಿಗೆ ತಗಡು ಸಿಕ್ಕಿತು.

ಬಾವಿಯನ್ನು ಯಾವಾಗ ದಾಟಿದೆನೋ ಗೊತ್ತಾಗಲಿಲ್ಲ. ಎಲ್ಲಿ ತಿರುಗಬೇಕೆಂದು ತೋರಿಸುವ ಗೆರೆ ಇರಲಿಲ್ಲವಲ್ಲ. ಬಾಗಿಲು ಹಾಕಿಕೊಂಡು ಕೂತೆ. ಭಯ ಹೋಗಿರಲಿಲ್ಲ, ಆದರೆ ಕೆಲಸ ಮುಗಿಸಿಕೊಂಡೇ ಬಂದೆ.

ನಿಮಗೆ, ಮಕ್ಕಳೇ, ಮಲಗುವ ಕೋಣೆಯಲ್ಲೇ ಬಾತ್‌ರೂಮ್ ಇದೆ. ಕಾಲಿಟ್ಟರೆ ದೀಪ ತಾನೇ ಹತ್ತಿಕೊಳ್ಳುತ್ತದೆ. ನಿಮ್ಮ ಗೆರೆಗಳೆಲ್ಲ ಮೊಬೈಲಿನೊಳಗೆ. ಮೊನ್ನೆ ನಿಮ್ಮಲ್ಲೇ ಚಿಕ್ಕವಳು, ಉಗುರು ಕಚ್ಚುವುದನ್ನು ಬಿಡಬೇಕೆಂದು ಮೊಬೈಲಿನಲ್ಲಿ ದಿನ ಎಣಿಸುತ್ತಿದ್ದವಳು, ಅಳುತ್ತ ಬಂದಳು. “ತಾತ, ಎಲ್ಲಾ ಹೋಯ್ತು. ಮತ್ತೆ ಸೊನ್ನೆ ತೋರಿಸ್ತಿದೆ.” ಅವಳ ಮುಖದಲ್ಲಿದ್ದ ಭಯದ ಗುರುತು ನನಗಿತ್ತು. ಅವಳ ಕೈ ಹಿಡಿದು ಬೆಳಕಿಗೆ ತಿರುಗಿಸಿದೆ. ಉಗುರುಗಳು ಅಲ್ಲೇ ಇದ್ದವು, ತುದಿಯಲ್ಲಿ ಬೆಳ್ಳಗೆ ಬೆಳೆದು.