ಎರಡು ಸೀಟಿನ ಓಟದ ಕಾರು

ಕೊಳ್ಳೇಗಾಲದಿಂದ ಮೈಸೂರಿಗೆ ಹೋಗುವ ಬಸ್ಸು ಯಾವಾಗ ಹೊರಡುತ್ತದೆ ಎಂಬುದನ್ನು ಆ ಕಾಲದಲ್ಲಿ ಕಂಡಕ್ಟರೊಬ್ಬನೇ ಬಲ್ಲವನಾಗಿದ್ದ; ಯಾವಾಗ ತಲುಪುತ್ತದೆ ಎಂಬುದನ್ನು ಬಲ್ಲವರು ಯಾರೂ ಇರಲಿಲ್ಲ. ನಮ್ಮ ತಾಲ್ಲೂಕನ್ನು ಮದರಾಸಿನಿಂದ ಬಿಡಿಸಿ ಮೈಸೂರಿಗೆ ಸೇರಿಸಿ ಕೆಲವು ವರ್ಷ ಕಳೆದಿದ್ದವು. ಕಾಗದದ ಮೇಲೆ ಮೈಸೂರು ನಮಗೆ ಬಹಳ ಹತ್ತಿರ ಬಂದಿತ್ತು. ರಸ್ತೆಗೆ ಮಾತ್ರ ಆ ಸುದ್ದಿ ಇನ್ನೂ ಮುಟ್ಟಿರಲಿಲ್ಲ.

ಆ ಬಸ್ಸಿನಲ್ಲಿ ನಮ್ಮ ಮೊದಲ ಮಗು ಹುಟ್ಟಿತು. ಆ ಬಸ್ಸಿನಲ್ಲೇ ತೀರಿಕೊಂಡಿತು. ನರಸೀಪುರ ಇನ್ನೂ ದೂರವಿತ್ತು, ಟೈರು ಪಂಚರಾಗಿತ್ತು. ಗಂಡಸರೆಲ್ಲ ಇಳಿದು ರಸ್ತೆಬದಿಯಲ್ಲಿ ಬೀಡಿ ಹಚ್ಚಿ ನಿಂತಿದ್ದರು. ಒಳಗೆ ಗುರುತಿಲ್ಲದ ನಾಲ್ಕಾರು ಹೆಂಗಸರು ಸೀರೆಯ ಮರೆ ಹಿಡಿದಿದ್ದರು. ಇದಕ್ಕಿಂತ ಹೆಚ್ಚು ಬರೆಯುವ ಶಕ್ತಿ ನನಗೆ ಈಗಲೂ ಇಲ್ಲ.

ಎರಡನೆಯ ಸಲ ನನ್ನ ಹೆಂಡತಿಗೆ ದಿನ ತುಂಬುತ್ತಾ ಬಂದಾಗ ಕೊಳ್ಳೇಗಾಲದ ಲೇಡಿ ಡಾಕ್ಟರು ನನ್ನನ್ನು ಕೂರಿಸಿಕೊಂಡು ನೇರವಾಗಿ ಹೇಳಿದರು: "ಮಗು ತಲೆ ಮೇಲಾಗಿದೆ, ಕಾಲು ಕೆಳಗಿದೆ. ಇಲ್ಲಿ ನನ್ನ ಕೈಲಿ ಆಗಲ್ಲ. ನೋವು ಶುರುವಾದ ತಕ್ಷಣ ಮೈಸೂರಿಗೆ ಸೇರಿಸಿದರೆ ಉಳಿಯುತ್ತೆ. ಮೊದಲೇ ಕರಕೊಂಡು ಹೋಗಿ ಅಲ್ಲೇ ಇರಿಸೋದು ಇನ್ನೂ ಒಳ್ಳೇದು." ಇರಿಸಲು ಮೈಸೂರಿನಲ್ಲಿ ನಮಗೆ ನೆಂಟರಿರಲಿಲ್ಲ. ತವರಿನ ಹೊಸಿಲು ಬಿಟ್ಟು ಕಂಡವರ ಮನೆಯಲ್ಲಿ ಮಗಳು ಹೆರುವ ಮಾತೆತ್ತಿದರೆ ನಮ್ಮತ್ತೆ ಕಿವಿ ಮುಚ್ಚಿಕೊಳ್ಳುತ್ತಿದ್ದರು. ಹೀಗಾಗಿ ಅವಳು ಯಳಂದೂರಿನ ಹತ್ತಿರದ ಹೊನ್ನೂರಿನ ತವರಿನಲ್ಲೇ ಉಳಿದಳು. ನಾನು ಕೊಳ್ಳೇಗಾಲದ ರೇಷ್ಮೆ ನೂಲಿನ ಅಂಗಡಿಯಲ್ಲಿ ಕುಳಿತು ಈ ಸಮಸ್ಯೆಯನ್ನು ಕೂಲಂಕಷವಾಗಿ ವಿಚಾರಣೆಗೆ ತೆಗೆದುಕೊಂಡೆ.

ವಿಚಾರಣೆಯ ತೀರ್ಪು ಹೀಗಿತ್ತು: ಮೈಸೂರನ್ನು ಹತ್ತಿರ ಎಳೆದುಕೊಳ್ಳುವುದು ನನ್ನಿಂದ ಆಗದು, ರಸ್ತೆಯನ್ನು ನೆಟ್ಟಗೆ ಮಾಡುವುದು ಸರ್ಕಾರದಿಂದ ಆಗದು. ಉಳಿದದ್ದು ವೇಗ ಒಂದೇ. ಊರಿನಲ್ಲಿದ್ದ ಏಕಮಾತ್ರ ಬಾಡಿಗೆ ಕಾರು ಮರ ಕಂಡಲ್ಲೆಲ್ಲ ನಿಂತು ನೀರು ಕುಡಿಯುತ್ತಿತ್ತು. ಆದ್ದರಿಂದ ನನಗೆ ಬೇಕಾದದ್ದು ಬರಿಯ ಕಾರಲ್ಲ, ಓಡುವ ಕಾರು.

ಧನಗೆರೆಯ ಗಿರಾಕಿಯೊಬ್ಬರು ಅಂಥದ್ದೊಂದರ ಸುದ್ದಿ ತಂದರು. ಬಿಳಿಗಿರಿರಂಗನ ಬೆಟ್ಟದ ಕಾಫಿ ತೋಟವೊಂದರ ಮ್ಯಾನೇಜರು, ಕೊಯಮತ್ತೂರಿನ ಕಡೆಯವರು, ಹರೆಯದಲ್ಲಿ ರೇಸಿನಲ್ಲಿ ಓಡಿಸಿದ ವಿಲಾಯತಿ ಕಾರನ್ನು ಮಾರುತ್ತಾರೆ. ಇಟ್ಟುಕೊಳ್ಳುವ ಹುಚ್ಚು ಬೇರೆ ಯಾರಿಗೂ ಇಲ್ಲದ್ದರಿಂದ ಬೆಲೆಯೂ ಇಳಿದಿದೆ. ಓಟದ ವಿಷಯದಲ್ಲಿ ಮಾತ್ರ ಅದಕ್ಕೆ ಸಮ ಈ ಜಿಲ್ಲೆಯಲ್ಲಿಲ್ಲ.

ಪರೀಕ್ಷೆಗೆ ನಮ್ಮ ಮಾವನವರನ್ನು ಕರೆದುಕೊಂಡು ಹೋಗದೆ ಗತಿಯಿರಲಿಲ್ಲ. ಹನೂರು ಸೀಮೆಯ ಎತ್ತುಗಳ ವಿಷಯದಲ್ಲಿ ಅವರ ಮಾತಿಗೆ ಮೇಲ್ಮನವಿ ಇರಲಿಲ್ಲ. ಸುಳಿ ನೋಡಿ, ಹಲ್ಲು ನೋಡಿ, ಹೆಗಲ ಮೇಲಿನ ಹಿಣಿಲು ತಟ್ಟಿ ಅವರು "ಸರಿ" ಅಂದರೆ ಜನ ಮರುಮಾತಿಲ್ಲದೆ ಹಗ್ಗ ಹಿಡಿಯುತ್ತಿದ್ದರು. ಕಾರು ಎತ್ತಲ್ಲ ಎಂಬ ಆಕ್ಷೇಪಣೆಯನ್ನು ನಾನು ಹೊನ್ನೂರಿನಲ್ಲೇ ಸಲ್ಲಿಸಿದೆ. ಅದು ವಜಾ ಆಯಿತು.

"ಓಡೋದೆಲ್ಲಾ ಒಂದೇಯ ಅಳಿಮಯ್ಯ," ಅಂದರು. "ನಾಕ್ ಕಾಲಾದ್ರೇನು, ನಾಕ್ ಚಕ್ರ ಆದ್ರೇನು? ಆದ್ರೆ ಒಂದ್ ಮಾತು. ಯಾತುಕ್ಕೆ ಬೇಕು ಅನ್ನಾದ ಅವ್ನ ಮುಂದೆ ಬಾಯ್ ಬುಡಬ್ಯಾಡಿ. ಗಾಡಿಗಾ, ನೇಗ್ಲಿಗಾ, ಗಾಣಕ್ಕಾ ಅಂತ ಮಾರೋನ್ಗೆ ಗೊತ್ತಾಯ್ತೋ, ಓಯ್ತು. ಆ ಕೆಲ್ಸುಕ್ ಅಡ್ಡ ಬರೊ ಕುಂದ ಮುಚ್ಚಾಕ್ತನೆ."

ದನದ ವ್ಯಾಪಾರದಲ್ಲಿ ಇದು ನಮ್ಮ ಕಡೆಯ ಮೊದಲ ಪಾಠ. ಕೊಳ್ಳುವವನು ತನ್ನ ಅಗತ್ಯವನ್ನು ಹೇಳಿದ ಗಳಿಗೆಯಲ್ಲೇ ಸೋತ. ಟವಲಿನ ಕೆಳಗೆ ಬೆರಳು ಹಿಡಿದು ಬೆಲೆ ಕಟ್ಟುವ ಜನ ನಾವು. ಬಾಯಿಯನ್ನು ವೀಳ್ಯಕ್ಕೆಂದು ಮೀಸಲಿಟ್ಟವರು. ನಾನು ಒಪ್ಪಿದೆ.

ಬೆಟ್ಟದ ಮೇಲೆ ಆ ವಾಹನದ ದರ್ಶನವಾಯಿತು. ಹಸಿರು ಬಣ್ಣ, ಮೇಲೆ ಸೂರಿಲ್ಲ, ನೆಲಕ್ಕೆ ಅವಚಿಕೊಂಡು ಮಲಗಿದ ಹಾಗಿತ್ತು. ಮೂತಿಯೇ ಮುಕ್ಕಾಲು ಪಾಲು, ಅದರ ಹಿಂದೆ ಎರಡು ಸೀಟು. ನಾನೊಬ್ಬ, ಅವಳೊಬ್ಬಳು, ಎರಡು ಸಾಕು ಅಂತ ಲೆಕ್ಕ ಹಾಕಿಕೊಂಡೆ. ಮಾವ ಪೇಟ ಸರಿಮಾಡಿಕೊಂಡು ಪ್ರದಕ್ಷಿಣೆ ಹಾಕಿದರು. ಬಗ್ಗಿ ಹೊಟ್ಟೆಯ ಕೆಳಗೆ ನೋಡಿದರು. ಬಾನೆಟ್ಟಿನ ಮೇಲೆ ಅಂಗೈ ಊರಿ ಕಣ್ಣು ಮುಚ್ಚಿದರು.

"ಬೆಚ್ಚಗದೆ ಸಾ. ನಾವ್ ಬರೋದ್ಕೆ ಮುಂಚೆನೇ ಎಬ್ಸಿ ಓಡ್ಸಿದೀರಿ."

ಮ್ಯಾನೇಜರು ನಕ್ಕರು. "ಪೆರಿಯವರು ಬಲೇ ಆಳು! ಹೌದು ಸಾರ್, ಬೆಳಗಿನ ಚಳಿಯಲ್ಲಿ ಸ್ವಲ್ಪ ಹಟ ಮಾಡುತ್ತೆ. ಮುಚ್ಚಿಡೋದು ಯಾಕೆ?"

"ಹಟ ಮಾಡ್ತದಂತೆ," ಎಂದು ಮಾವ ನನ್ನ ಕಡೆ ತಿರುಗಿ ಘೋಷಿಸಿದರು, ಕೋರ್ಟಿನಲ್ಲಿ ಸಾಕ್ಷಿ ಒಪ್ಪಿಕೊಂಡ ಹಾಗೆ. ಆಮೇಲೆ ಮ್ಯಾನೇಜರಿಗೆ: "ಇಷ್ಟ್ ಚೆಂದಾಗಿರದ ಯಾಕ್ ಮಾರೀರಿ?"

"ಬೆನ್ನು ಹೋಯ್ತು ಸಾರ್. ಈ ಸೀಟು ಹಲಗೆ ತರ. ಗುಂಡಿಗೆ ಇಳಿದರೆ ನೆತ್ತಿವರೆಗೂ ಗೊತ್ತಾಗುತ್ತೆ." ಇಷ್ಟು ಹೇಳಿ ಅವರು ನಮ್ಮಿಬ್ಬರ ಮುಖ ನೋಡಿದರು. "ನಿಮಗೆ ಇದು ಯಾತಕ್ಕೆ ಸಾರ್? ಕೋಪ ಮಾಡಿಕೋಬೇಡಿ. ನೂಲಿನ ವ್ಯಾಪಾರಕ್ಕೆ ಇಂಥ ಗಾಡಿ..."

ನಾನು ಬಾಯಿ ತೆರೆದೆ. ಮಾವ ಕೆಮ್ಮಿದರು. "ಸೋಕಿ ಸಾ," ಅಂದರು. "ನಮ್ ಅಳಿಮಯ್ಯಂಗೆ ಸೋಕಿ. ಏನ್ ಮಾಡಾದು?"

ಮ್ಯಾನೇಜರ ಮುಖ ಅರಳಿತು. ಹುಚ್ಚನಿಗೆ ಜೊತೆಯ ಹುಚ್ಚ ಸಿಕ್ಕಿದ ಸಂತೋಷ ಅದು. ಅಲ್ಲಿಂದ ಮುಂದೆ ಅವರು ನನಗೆ ಓಟದ ಮಾತು ಬಿಟ್ಟು ಬೇರೆ ಮಾತು ಆಡಲಿಲ್ಲ. ಯಾವ ತಿರುವಿನಲ್ಲಿ ಎಷ್ಟು ಒತ್ತಬಹುದು, ಎರಡನೇ ಗೇರು ಕೈ ಬಿಟ್ಟರೆ ಹೇಗೆ ನೆಗೆದು ಹೊರಬರುತ್ತದೆ, ಬ್ರೇಕು ಎಡಕ್ಕೆ ಎಳೆಯುವುದನ್ನು ಹೇಗೆ ಸಂಭಾಳಿಸಬೇಕು. ಒಂದು ಕುಂದನ್ನೂ ಮುಚ್ಚಲಿಲ್ಲ. ಕೊನೆಗೆ ಬೀಗದ ಕೈಯನ್ನೇ ಕೊಟ್ಟುಬಿಟ್ಟರು. "ಕೆಳಗಿನವರೆಗೂ ಓಡಿಸಿ ನೋಡಿ. ಸಾಯಂಕಾಲ ತಂದು ಬಿಡಿ. ಎತ್ತಿಕೊಂಡು ಓಡಿಹೋಗ್ತೀರಿ ಅನ್ನೋ ಭಯ ನನಗಿಲ್ಲ. ಈ ರಸ್ತೆಯಲ್ಲಿ ಎಲ್ಲಿಗೆ ಓಡ್ತೀರಿ?"

ರೇಷ್ಮೆಗೂಡು ಸಾಗಿಸುವ ಲಾರಿಯಲ್ಲಿ ಡ್ರೈವಿಂಗ್ ಕಲಿತವನು ನಾನು. ಈ ಕಾರಿನಲ್ಲಿ ಕುಳಿತಾಗ ನೆಲದ ಮೇಲೆ ಕಾಲು ಚಾಚಿ ಕೂತಂತಾಯಿತು. ಮೊದಲು ಏರಿನಲ್ಲಿ ಕಟ್ಟಿ ನೋಡಬೇಕೆಂದು ಮಾವ ಹಟ ಹಿಡಿದದ್ದರಿಂದ ಮೇಲಿನ ದಾರಿಗೆ ತಿರುಗಿಸಿದೆ. ಅದು ಏರಿದ ರೀತಿಯನ್ನು ಹೇಗೆ ಹೇಳಲಿ! ಬೆನ್ನನ್ನು ಯಾರೋ ಅಂಗೈಯಿಂದ ನೂಕಿದ ಹಾಗೆ. ಲಾರಿಗಳು ಉಸಿರು ಕಟ್ಟಿ ನಿಲ್ಲುವ ಕಡೆ ಇದು ಒಮ್ಮೆ ಗದರಿ ಮುಂದಕ್ಕೆ ಹೋಯಿತು. ಮಾವ ಎರಡು ಕೈಯಲ್ಲೂ ಬಾಗಿಲು ಹಿಡಿದುಕೊಂಡು, ಮುಖದ ಗಾಂಭೀರ್ಯ ಕೆಡದಂತೆ, "ದಮ್ಮದೆ" ಎಂದು ಷರಾ ಬರೆದರು.

ಇಳಿಜಾರಿನಲ್ಲಿ ಬ್ರೇಕನ್ನು ನೋಡಿದೆ. ಎಡಕ್ಕೆ ಎಳೆಯಿತು, ಆದರೆ ನಿಂತಿತು. ಸ್ಟೇರಿಂಗಿನಲ್ಲಿ ಕೊಂಚವೂ ಸಡಿಲವಿರಲಿಲ್ಲ. ಹಿಂದಿರುಗಿ ನೋಡಿದರೆ ಹೊಗೆಯೂ ಇಲ್ಲ. ಕಾಡು ಮುಗಿದು ಬಯಲು ಸಿಕ್ಕಿದ ಮೇಲೆ, ಎರಡೂ ಕಡೆ ಗದ್ದೆಯಿದ್ದ ನೆಟ್ಟನೆಯ ದಾರಿಯಲ್ಲಿ, ಪೂರ್ತಿ ಒತ್ತಿದೆ. ಮಾವನ ಪೇಟ ಹಾರಿ ಯಾರದೋ ಕಬ್ಬಿನ ಗದ್ದೆಗೆ ಬಿತ್ತು. ಮೂವತ್ತು ವರ್ಷ ಬರಿತಲೆಯಲ್ಲಿ ಹೊಸಿಲು ದಾಟದ ಮನುಷ್ಯ, ನಿಲ್ಲಿಸು ಅನ್ನಲಿಲ್ಲ.

"ಓಗ್ಲಿ ಬುಡಿ!" ಎಂದು ಗಾಳಿಯಲ್ಲಿ ಕೂಗಿದರು. "ಇಂಗೇ ಓದ್ರೆ ಮೈಸೂರ್ಗೆ ಎಷ್ಟೊತ್ತು?"

ನಾನು ವೇಗದ ಮುಳ್ಳು ನೋಡಿ ಮನಸ್ಸಿನಲ್ಲೇ ಭಾಗಿಸಿ ಹೇಳಿದೆ. ಅವರು ಮುಖವನ್ನು ಆ ಕಡೆ ತಿರುಗಿಸಿಕೊಂಡರು. ಗಾಳಿಗೆ ಇಬ್ಬರ ಕಣ್ಣಲ್ಲೂ ನೀರು ಬರುತ್ತಿತ್ತು. ಗಾಳಿಯ ಲೆಕ್ಕಕ್ಕೆ ಅದನ್ನು ಬರೆದು ಸುಮ್ಮನಾದೆವು. ಆ ರಸ್ತೆಯ ಮೇಲೆ ಅಷ್ಟು ಹೊತ್ತು ನಮ್ಮ ಮಗು ಬದುಕಿತ್ತು.

ಒಪ್ಪಿದ ಎತ್ತನ್ನು ಮುಂಗಡ ಕೊಡುವ ಮುಂಚೆ ಮನೆಯ ಬಾಗಿಲಿಗೆ ತಂದು ತೋರಿಸಬೇಕು. ಹೊನ್ನೂರಿಗೆ ತಂದು ನಿಲ್ಲಿಸಿದೆವು. ಬೀದಿಯೆಲ್ಲ ಬಂತು. ನಮ್ಮತ್ತೆ ಆರತಿಗೆ ಬತ್ತಿ ಹೊಸೆಯಲು ಒಳಗೆ ಹೋದರು. ನನ್ನ ಹೆಂಡತಿ ನಡುವಿಗೆ ಕೈಕೊಟ್ಟುಕೊಂಡು ನಿಧಾನವಾಗಿ ಹೊರಗೆ ಬಂದಳು. ಕಾರನ್ನು ಒಂದು ಸುತ್ತು ಬಂದಳು. ಅವಳು ನೋಡಿದ್ದು ಚಕ್ರವನ್ನಲ್ಲ, ಮೂತಿಯನ್ನಲ್ಲ. ಸೀಟನ್ನು ನೋಡಿದಳು.

"ಕೂತ್ಕೊ ಮಗಳೆ, ನೋಡು," ಅಂದರು ಮಾವ.

ಅವಳು ಬಾಗಿಲು ಹಿಡಿದು ಬಗ್ಗಲು ನೋಡಿದಳು. ಹೊಟ್ಟೆ ಬಿಡಲಿಲ್ಲ. ಅಡ್ಡಕ್ಕೆ ತಿರುಗಿ ಒಂದು ಕಾಲಿಟ್ಟಳು. ಸೀಟು ಅಷ್ಟು ಕೆಳಗಿತ್ತು, ಕೂರಬೇಕಾದರೆ ಬೀಳಬೇಕಿತ್ತು. ನಾನು ಒಂದು ತೋಳು, ಅವರಪ್ಪ ಒಂದು ತೋಳು ಹಿಡಿದು ಇಳಿಸಿದೆವು. ಮಂಡಿ ಎದೆಗೆ ಬಂತು. ಎಂಜಿನ್ನಿನ ಬಿಸಿಗೆ ಕಾಲ ಕೆಳಗಿನ ತಗಡು ಕಾದಿತ್ತು. ಪಾದವನ್ನು ಸರಕ್ಕನೆ ಎಳೆದುಕೊಂಡಳು. ಹಿಂದಕ್ಕೆ ಒರಗಲು ಜಾಗವಿಲ್ಲ, ಪಕ್ಕಕ್ಕೆ ವಾಲಿದರೆ ಗೇರಿನ ಕಡ್ಡಿ.

"ಅಪ್ಪಾ," ಅಂದಳು. "ಒಂದ್ ಸೀಟು ನಂಗೆ, ಒಂದ್ ಸೀಟು ಓಡ್ಸೋರ್ಗೆ. ಸೂಲಗಿತ್ತಿ ಎಲ್ ಕೂತ್ಕತಾಳೆ?"

ಮಾವ ಬಗ್ಗಿ ಸೀಟಿನ ಹಿಂದಕ್ಕೆ ಕೈ ಹಾಕಿ ನೋಡಿದರು.

"ಬಸ್ನಲ್ಲಿ ಇಂದುಗಡೆ ಉದ್ದುಕೆ ಸೀಟಿತ್ತು. ಮಲಗಿದ್ದೆ." ಇದನ್ನು ಹೇಳುವಾಗ ಅವಳು ನನ್ನ ಕಡೆ ನೋಡಲಿಲ್ಲ, ಅಪ್ಪನ ಕಡೆಯೂ ನೋಡಲಿಲ್ಲ. "ಮಲಗಕ್ ಆದ್ರೂ ಜಾಗ ಇತ್ತು."

ಬೀದಿಯವರ ಪೈಕಿ ಒಬ್ಬ, "ಎರಡ್ ಎತ್ ನೋಡ್ಬುಟ್ಟು ಗಾಡಿ ಮರ್ತವ್ರೆ ಕಣ್ಲಾ," ಎಂದು ಮೆಲ್ಲಗೆ ಅಂದ. ಮಾವನಿಗೆ ಕೇಳಿಸಿತು. ಅವರು ತಲೆಗೆ ಕೈ ಹಾಕಿ ಇಲ್ಲದ ಪೇಟವನ್ನು ಸರಿಮಾಡಿಕೊಂಡರು. ಅವಳನ್ನು ಎತ್ತಿ ನಿಲ್ಲಿಸಲು ನಮಗೆ ಇನ್ನೊಬ್ಬರ ಕೈ ಬೇಕಾಯಿತು.

ಸಾಯಂಕಾಲ ಕಾರನ್ನು ಹಿಂದಿರುಗಿಸಿದೆವು. ಮ್ಯಾನೇಜರು ಗೇಟಿಗೇ ಬಂದಿದ್ದರು. "ಹೇಗಿದೆ? ಬೆಂಕಿ ಅಲ್ಲವಾ?"

"ಬ್ಯಾಡ ಸಾ," ಅಂದರು ಮಾವ. "ಬ್ರೇಕು ಎಡುಕ್ ಎಳಿತದೆ."

"ಅದನ್ನ ನಾನೇ ಹೇಳಿದ್ದೆನಲ್ಲಾ!" ಎಂದು ಅವರು ಪೆಚ್ಚಾದರು. ಬೇಕಾದರೆ ಬೆಲೆ ಇಳಿಸುತ್ತೇನೆ ಅಂದರು. ಒಂದು ತಿಂಗಳು ಇಟ್ಟುಕೊಂಡು ನೋಡಿ ಅಂದರು. ಆ ಸಜ್ಜನಿಕೆಯ ಎದುರು ನನಗೆ ತಡೆಯಲಾಗಲಿಲ್ಲ. ಸೋಕಿಯಲ್ಲ ಸಾರ್, ಹೆರಿಗೆಗೆ, ಎಂದು ಎಲ್ಲವನ್ನೂ ಹೇಳಿಬಿಟ್ಟೆ. ಮಾವ ಈ ಸಲ ಕೆಮ್ಮಲಿಲ್ಲ.

ಮ್ಯಾನೇಜರು ಗೇಟಿನ ಚಿಲಕ ಬಿಟ್ಟು ಹತ್ತಿರ ಬಂದರು. "ಅಯ್ಯಯ್ಯೋ. ಬೆಳಿಗ್ಗೆನೇ ಒಂದು ಮಾತು ಹೇಳಬಾರದಾ ಸಾರ್? ತೋಟದಲ್ಲಿ ಒಂದು ವ್ಯಾನಿತ್ತು. ಕೂಲಿಯವರಿಗೆ ಕಾಯಿಲೆ ಆದರೆ ಮಲಗಿಸಿಕೊಂಡು ಹೋಗೋದು. ಹಳೇದೇ, ಆದರೆ ಕೈಕೊಡಲ್ಲ. ಹನೂರಿನ ಕಂಟ್ರಾಕ್ಟರು ಕೇಳ್ತಾ ಇದ್ದರು, ಮಧ್ಯಾಹ್ನ ಬಂದು ತೆಗೆದುಕೊಂಡು ಹೋದರು. ನೀವು ಹೇಳಿದ್ದರೆ ಸುಮ್ಮನೇ ಕೊಟ್ಟಿರುತ್ತಿದ್ದೆ, ಹೆರಿಗೆ ಮುಗಿಯೋವರೆಗೂ."

ಮಾರನೆಯ ದಿನವೇ ಹನೂರಿಗೆ ಹೋದೆ. ಕಂಟ್ರಾಕ್ಟರು ವ್ಯಾನನ್ನು ದೂರದ ರಸ್ತೆ ಕೆಲಸಕ್ಕೆ ಕಳಿಸಿಯಾಗಿತ್ತು. ಹಿಂದಿನ ಹಲಗೆ ಕಿತ್ತು ಜಲ್ಲಿ ತುಂಬಿಸಿದ್ದರು. ಮುಂದಿನ ವಾರ ನೋಡೋಣ ಅಂದರು. ಮರ್ಯಾದಸ್ಥರು, ಕಾಫಿ ಕೊಟ್ಟು ಕಳಿಸಿದರು.

ಮುಂದಿನ ವಾರ ಬರುವ ಮುಂಚೆ ನೋವು ಬಂತು. ಇನ್ನೂ ಬೆಳಕು ಹರಿಯುತ್ತಿತ್ತು; ನಾನು ಆ ವಾರ ಹೊನ್ನೂರಿನಲ್ಲೇ ಉಳಿದಿದ್ದೆ. ಬಾಡಿಗೆ ಕಾರಿಗೆ ಸೈಕಲ್ಲಿನಲ್ಲಿ ಹೋದವನು, ಅದು ಮಳವಳ್ಳಿಗೆ ಮದುವೆಗೆ ಹೋಗಿದೆ ಎಂಬ ಸುದ್ದಿ ತಂದ. ಯಳಂದೂರಿನಲ್ಲಿ ಮೊದಲ ಬಸ್ಸು ಹಿಡಿಯಬೇಕು. ಮಾವ ಗಾಡಿ ಕಟ್ಟಿದರು. ಹುಲ್ಲು ಹಾಸಿ, ಅದರ ಮೇಲೆ ಎರಡು ಕಂಬಳಿ ಹಾಸಿ ಅವಳನ್ನು ಮಲಗಿಸಿದೆವು. ಸೂಲಗಿತ್ತಿ ತಲೆಯ ಕಡೆ, ಅತ್ತೆ ಕಾಲ ಕಡೆ. ಎಲ್ಲರಿಗೂ ಜಾಗವಿತ್ತು.

ಎತ್ತಿಗೆ ಕೋಲು ಮುಟ್ಟಿಸಿದವರನ್ನು ಕಂಡರೆ ಉರಿದುಬೀಳುತ್ತಿದ್ದ ಮನುಷ್ಯ ಅಂದು ನೊಗದ ಪಕ್ಕದಲ್ಲಿ ಓಡುತ್ತಾ ಬಾಲ ತಿರುವಿದರು, ಬೈದರು, ಹೊಡೆದರು. ಸೀಮೆಯಲ್ಲೇ ಮೇಲಾದ ಜೋಡಿ ಅದು, ಓಡಿದವು. ಎತ್ತು ಓಡುವಷ್ಟು ಓಡಿದವು. ಗಾಡಿ ಕುಲುಕಿದಾಗಲೆಲ್ಲ ಒಳಗಿನಿಂದ ಕೂಗು ಬರುತ್ತಿತ್ತು. ನಿಧಾನ ಮಾಡಿದರೆ ಬಸ್ಸು ತಪ್ಪುತ್ತಿತ್ತು. ಯಳಂದೂರಿನ ಮೊದಲ ಮನೆಗಳು ಕಾಣುವ ಹೊತ್ತಿಗೆ ಕೂಗು ನಿಂತಿತು. ಸೂಲಗಿತ್ತಿ "ತಡಿಯಣ್ಣ" ಅಂದಳು. ಕಾದೆವು. ಇನ್ನೊಂದು ಕೂಗು ಕೇಳಬೇಕಿತ್ತು, ಚಿಕ್ಕದು. ಅದು ಬರಲಿಲ್ಲ. ಸೂಲಗಿತ್ತಿ ಬೆನ್ನು ತಟ್ಟುವ ಸದ್ದು ಮಾತ್ರ ಸ್ವಲ್ಪ ಹೊತ್ತು ಕೇಳಿತು. ಆಮೇಲೆ ಅದೂ ಇಲ್ಲ.

ಮಾವ ಎತ್ತುಗಳ ಮುಂದೆ ನಿಂತು, ನನ್ನ ಮುಖ ನೋಡದೆ ಕೇಳಿದರು: "ತಿರುಗ್ಸನಾ, ಮುಂದುಕ್ ಓಗನಾ?"

ಉತ್ತರ ಗಾಡಿಯ ಒಳಗಿನಿಂದ ಬಂತು.

"ಮುಂದುಕ್ಕೇ ಓಗಪ್ಪ. ಯಾಕಿಂಗಾಯ್ತದೆ ಅಂತ ಆ ಡಾಕ್ಟ್ರು ನನ್ನಾದ್ರೂ ನೋಡ್ಲಿ." ಮತ್ತೆ ಹೇಳಿದಳು: "ಎತ್ತ ಹೊಡಿಬ್ಯಾಡ. ಮೆಲ್ಗೆ ಓಗು."

ಮಾವ ಕೋಲನ್ನು ಗದ್ದೆಗೆ ಎಸೆದು, ಮೂಗುದಾರ ಹಿಡಿದು ನಡೆಯತೊಡಗಿದರು. ನಾನು ಹಿಂದೆ ನಡೆದೆ. ಬಸ್ಸು ಹೋಗಿಬಿಟ್ಟಿತ್ತು. ಮುಂದಿನದು ಯಾವಾಗ ಎಂದು ನಾವು ಯಾರನ್ನೂ ಕೇಳಲಿಲ್ಲ.