ಬೀಗದ ಮಾವ ಕೊಟ್ಟ ಪ್ಲೇಟ್‌ಲೆಟ್

ನಮ್ಮ ಕಟ್ಟಡದ ಮೆಟ್ಟಿಲ ಕೆಳಗೆ, ತಗ್ಗಿ ಒಳಹೋಗಬೇಕಾದ ಅಂಗಡಿಯಲ್ಲಿ, ನನ್ನ ಸೋದರಮಾವ ಬೀಗದ ಕೈ ಮಾಡಿಕೊಡುತ್ತಾರೆ. ಎಲ್ಲರ ಬಾಯಲ್ಲೂ ಅವರು ಬೀಗದ ಮಾವ. ಎರಡು ವರ್ಷದ ಹಿಂದೆ ಮೇಲಿನ ಮನೆಯ ಹುಡುಗಿಗೆ ಜ್ವರ ಬಂದು, ರಕ್ತದಲ್ಲಿ ಪ್ಲೇಟ್‌ಲೆಟ್ ತೀರ ಇಳಿದಾಗ, ಮಾವ ಆಸ್ಪತ್ರೆಗೆ ಹೋಗಿ ತಮ್ಮದನ್ನು ಕೊಟ್ಟು ಬಂದರು. ಹುಡುಗಿ ಉಳಿದಳು. ಅವಳು ದಡದಡ ಮೆಟ್ಟಿಲಿಳಿದರೆ ಕೆಳಗೆ ಮಾವನ ಮುಖ ಅರಳುತ್ತಿತ್ತು.

ಈ ವರ್ಷ ಮಾವನ ಬೆರಳ ಗೆಣ್ಣುಗಳು ಊದಿಕೊಂಡವು. ಬೆಳಿಗ್ಗೆ ಮುಷ್ಟಿ ಕಟ್ಟಲಾಗದೆ, ಬೀಗದ ಕೈ ಉಜ್ಜುವ ಅರ ಬೆರಳುಗಳಿಂದ ಜಾರುತ್ತಿತ್ತು. ಡಾಕ್ಟರು ಸಂಧಿವಾತ ಎಂದರು. ಮೈ ಕಾಯಬೇಕಾದ ಶಕ್ತಿಯೇ ಕೀಲುಗಳ ಮೇಲೆ ತಿರುಗಿಬಿದ್ದಿದೆ, ಗಾಯ ಮುಚ್ಚಬೇಕಾದ ಪ್ಲೇಟ್‌ಲೆಟ್‌ಗಳೂ ಕೆರಳಿ ಸಣ್ಣ ಚೂರುಗಳನ್ನು ಉದುರಿಸುತ್ತವೆ, ಅವು ಕೀಲಿನೊಳಗೆ ಸೇರಿ ಉರಿಯೂತ ಹೆಚ್ಚಿಸುತ್ತವೆ ಎಂದು ತಿಳಿಸಿ ಹೇಳಿದರು.

ಮಾವನ ಕಿವಿಯಲ್ಲಿ ಉಳಿದದ್ದು ಪ್ಲೇಟ್‌ಲೆಟ್ ಎಂಬ ಹೆಸರೊಂದೇ. ಹುಡುಗಿ ಶಾಲೆಗೆ ಹೊರಡುವ ಹೊತ್ತಿಗೆ ಬೀಗದ ಕೈ ಕೊರೆಯುವ ಯಂತ್ರ ನಿಲ್ಲಿಸಿ, ತಲೆಯ ಮೇಲಿನ ಮೆಟ್ಟಿಲಿಗೆ ಕಿವಿಗೊಟ್ಟು ಕೂರತೊಡಗಿದರು. ಒಂದು ಬೆಳಿಗ್ಗೆ ಸದ್ದು ಬೇರೆಯಾಗಿತ್ತು. ಒಂದು ಹೆಜ್ಜೆ ಗಟ್ಟಿ, ಇನ್ನೊಂದು ಎಳೆದಂತೆ. ಮಾವ ಬಿಳಿಚಿಕೊಂಡರು. ಹೊರಗೆ ಹೋಗಿ ನೋಡುವ ಧೈರ್ಯವಾಗದೆ, ಅವಳು ದಾಟಿಹೋದ ಮೇಲೆ ಅತ್ತೆಯನ್ನು ಕರೆದುಕೊಂಡು ಡಾಕ್ಟರ ಬಳಿ ಓಡಿದರು.

“ಡಾಕ್ಟ್ರೇ, ನನ್ನ ಕಾಯಿಲೆ ಆ ಮಗೂಗೂ ಹೋಗ್ಬಿಡ್ತಾ?”

“ನೀವು ಕೊಟ್ಟಿದ್ದು ಹತ್ತು ದಿನಾನೂ ಬಾಳಿರಲ್ಲ ರೀ. ಕೆಲಸ ಮಾಡಿ ಎಂದೋ ಮುಗಿದುಹೋಯ್ತು. ಈಗ ಅವಳ ಮೈಲಿರೋದೆಲ್ಲ ಅವಳದೇ.”

ಮಾವ ಅರ್ಧ ನಂಬಿದರು. ಸಂಜೆ ಹುಡುಗಿ ಬಾಗಿಲಲ್ಲಿ ನಿಂತು ಚಪ್ಪಲಿ ಚಾಚಿದಳು. ಪಟ್ಟಿ ಕಿತ್ತುಹೋಗಿತ್ತು.

“ತಗೊಳ್ಳಿ, ನಿಮ್ಮ ರೋಗ ಪಾಪ ಚಪ್ಪಲಿಗೆ ತಗಲಿದೆ,” ಎಂದರು ಅತ್ತೆ.

ಮಾವ ನಗಲಿಲ್ಲ. ಊದಿದ ಬೆರಳುಗಳಲ್ಲಿ ತಂತಿ ಹಿಡಿದು, ಬಹಳ ಹೊತ್ತು ಕಷ್ಟಪಟ್ಟು ಪಟ್ಟಿ ಬಿಗಿದು ಕೊಟ್ಟರು. ಅವಳು ಹೋದ ಮೇಲೆ, “ನನ್ನ ಮೈಲಿ ಮಾತ್ರ ಆ ಪ್ಲೇಟ್‌ಲೆಟ್ ದಿನಾ ಹೊಸದಾಗಿ ಹುಟ್ತಾ ಇರತ್ತಲ್ಲ,” ಎಂದು ಅತ್ತೆಗೆ ಮೆಲ್ಲಗೆ ಹೇಳಿದರು.

ಮರುದಿನ ದಡದಡ ಸದ್ದು ಸರಿಯಾಗಿಯೇ ಇಳಿದು ಬೀದಿಗೆ ಹೋಯಿತು. ಯಂತ್ರ ಆಗಲೂ ನಿಂತೇ ಇತ್ತು. ಮಾವ ಎಡಗೈಯಿಂದ ಬಲಗೈಯ ಬೆರಳುಗಳನ್ನು ಒಂದೊಂದಾಗಿ ಬಿಡಿಸುತ್ತ, ಖಾಲಿ ಮೆಟ್ಟಿಲನ್ನೇ ಆಲಿಸುತ್ತಿದ್ದರು.