ಕವಳ ಉಗಿದು ಬನ್ನಿ

ಅರವತ್ತರ ದಶಕದಲ್ಲಿ ಸಾಗರದ ಬಸ್ ಸ್ಟ್ಯಾಂಡಿನಲ್ಲಿ ನನ್ನ ಗಂಟಲಿಗಿಂತ ದೊಡ್ಡ ಗಂಟಲು ಇನ್ನೊಂದು ಇರಲಿಲ್ಲ. ಜಂಬ ಕೊಚ್ಚುತ್ತಿಲ್ಲ, ನನ್ನ ಉದ್ಯೋಗವೇ ಅದಾಗಿತ್ತು. ನಾನು ಒಂದು ಖಾಸಗಿ ಬಸ್ಸಿನ ಏಜೆಂಟ್. ಟಿಕೆಟ್ ಕೊಡುವುದು, ಟಾಪಿನ ಮೇಲೆ ಮೂಟೆ ಹಾಕಿಸುವುದು, ಬಾಣಂತಿಯರಿಗೆ ಮುಂದಿನ ಸೀಟು ಹಿಡಿದಿಡುವುದು, ಇವೆಲ್ಲ ಕೈಯ ಕೆಲಸ. ನಿಜವಾದ ಕೆಲಸ ಬಾಯಿಯದು. ಬಸ್ಸು ಹೊರಡುವ ಅರ್ಧ ಗಂಟೆ ಮೊದಲಿನಿಂದ ಹೊಸನಗರ, ತೀರ್ಥಹಳ್ಳಿ ಮತ್ತು ದಾರಿಯಲ್ಲಿ ಬರುವ ಊರುಗಳನ್ನೆಲ್ಲ ಒಂದೇ ಉಸಿರಿನಲ್ಲಿ ಕೂಗಬೇಕು. ಹೋಟೆಲಿನಲ್ಲಿ ಕೂತವನು ಅರ್ಧ ದೋಸೆ ಬಿಟ್ಟು ಓಡಿ ಬರಬೇಕು, ಹಾಗೆ.

ನಮ್ಮ ಬಾಡಿಗೆ ಮನೆ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿತ್ತು. ಹನ್ನೊಂದು ಗಂಟೆಯ ಬಸ್ಸಿಗೆ ನಾನು ಹಾಕುವ ಕೂಗು ಅಡಿಗೆಮನೆಗೆ ಚೆನ್ನಾಗಿ ಕೇಳುತ್ತಿತ್ತು. ಅದು ಕೇಳಿದ ಕೂಡಲೇ ನನ್ನ ಹೆಂಡತಿ ಅನ್ನಕ್ಕೆ ಎಸರಿಡುತ್ತಿದ್ದಳು. ನಾನು ಬಸ್ಸು ಕಳಿಸಿ, ಮನೆಗೆ ಬಂದು, ಕೈಕಾಲು ತೊಳೆದು ಕೂರುವಾಗ ತಟ್ಟೆಯಲ್ಲಿ ಅನ್ನ ಹಬೆಯಾಡುತ್ತಿರುತ್ತಿತ್ತು. “ನಿನ್ನ ಗಂಡ ಊರಿಗೆಲ್ಲ ಬಸ್ ಕೂಗ್ತಾನೆ, ನಿಂಗೆ ಮಾತ್ರ ಅನ್ನಕ್ಕಿಡೇ ಅಂತ ಕೂಗ್ತಾನೆ ನೋಡು,” ಎಂದು ಪಕ್ಕದ ಮನೆಯವರು ಅವಳನ್ನು ಚುಡಾಯಿಸುತ್ತಿದ್ದರು. ಮದುವೆಯಾದ ಮೂರು ವರ್ಷದಲ್ಲಿ ಈ ಏರ್ಪಾಡು ಒಂದು ದಿನವೂ ತಪ್ಪಿರಲಿಲ್ಲ.

ಆಮೇಲೆ ಲಿಂಗನಮಕ್ಕಿಯಲ್ಲಿ ಶರಾವತಿಗೆ ಅಣೆಕಟ್ಟು ಎದ್ದಿತು, ನೀರು ನಿಂತಿತು. ನಾನು ಕೂಗುವ ಪಟ್ಟಿಯಿಂದ ಕೆಲವು ಊರುಗಳು ಬಿಟ್ಟುಹೋದವು. ಅವುಗಳಲ್ಲಿ ಒಂದು ನನ್ನ ತಾಯಿಯ ತವರು. ಅದರ ಹೆಸರು ಇಲ್ಲಿ ಬರೆಯುವುದಿಲ್ಲ, ಬರೆದರೂ ಈಗ ಅಲ್ಲಿಗೆ ಯಾರೂ ಟಿಕೆಟ್ ಕೊಡುವುದಿಲ್ಲ. ಆದರೆ ನಾಲಿಗೆಗೆ ಅಭ್ಯಾಸವಾಗಿತ್ತಲ್ಲ, ಒಂದು ಬೆಳಿಗ್ಗೆ ಆ ಹೆಸರನ್ನೂ ಸೇರಿಸಿ ಕೂಗಿಬಿಟ್ಟೆ. “ಏಜೆಂಟ್ರೇ, ಬಸ್ಸಾ ದೋಣಿಯಾ?” ಎಂದು ಯಾರೋ ಕೇಳಿದರು. ಸ್ಟ್ಯಾಂಡಿಗೆ ಸ್ಟ್ಯಾಂಡೇ ನಕ್ಕಿತು. ಎಲ್ಲರಿಗಿಂತ ಜೋರಾಗಿ ನಕ್ಕವನು ನಾನು.

ಎಲ್ಲ ಶುರುವಾದದ್ದು ಅಂದೇ ಎಂದು ನನ್ನ ಹೆಂಡತಿ ಈಗಲೂ ವಾದಿಸುತ್ತಾಳೆ. ನನಗೆ ಗೊತ್ತಿಲ್ಲ. ಮೊದಲು ನಿದ್ದೆ ಕೆಟ್ಟಿತು. ಕೋಳಿ ಕೂಗುವ ಮುಂಚೆಯೇ ಎಚ್ಚರವಾಗಿ, ಏಳುವುದಕ್ಕೆ ಮನಸ್ಸಿಲ್ಲದೆ ಬಿದ್ದಿರುತ್ತಿದ್ದೆ. ಆಮೇಲೆ ಊಟ ರುಚಿಗೆಟ್ಟಿತು. ಜೀವಕ್ಕಿಂತ ಹೆಚ್ಚಾಗಿ ಪ್ರೀತಿಸುತ್ತಿದ್ದ ಮಾವಿನಕಾಯಿ ಅಪ್ಪೆಹುಳಿ ಬರೀ ಬಿಸಿನೀರಾಯಿತು. ದುಃಖ ಎನ್ನೋಣವೆಂದರೆ ದುಃಖಕ್ಕೆ ಕಣ್ಣೀರಾದರೂ ಬರುತ್ತದೆ. ನನಗೆ ಏನೂ ಬರುತ್ತಿರಲಿಲ್ಲ. ಕೂಗಲು ಬಾಯಿ ತೆರೆದರೆ, ಯಾಕೆ ಕೂಗಬೇಕು, ಹೋಗುವವರು ಹೇಗೂ ಹೋಗುತ್ತಾರೆ ಎನ್ನಿಸುತ್ತಿತ್ತು. ಎಂಟು ಊರು ಕೂಗುತ್ತಿದ್ದವನು ನಾಲ್ಕಕ್ಕೆ ಇಳಿದೆ, ನಾಲ್ಕರಿಂದ ಎರಡಕ್ಕೆ ಇಳಿದೆ, ಕೊನೆಗೆ ಬಸ್ಸಿನ ಬೋರ್ಡಿನ ಕಡೆ ಕೈ ತೋರಿಸುವುದಕ್ಕೆ ಬಂದು ನಿಂತೆ.

ಇದು ಯಾರಿಗೂ ಗೊತ್ತಾಗಬಾರದೆಂದು ನಾನು ಹೂಡಿದ ಉಪಾಯ ಕವಳ. ನಮ್ಮ ಕಡೆ ಎಲೆ ಅಡಿಕೆಗೆ ಕವಳ ಎನ್ನುತ್ತೇವೆ, ಕವಳ ತುಂಬಿದ ಬಾಯಿಗೆ ಎಲ್ಲ ಮರ್ಯಾದೆಯನ್ನೂ ಕೊಡುತ್ತೇವೆ. ಬಾಯಿ ಕೆಂಪಗೆ ತುಂಬಿರುವವನನ್ನು ಯಾರೂ ಮಾತಿಗೆ ಒತ್ತಾಯಿಸುವುದಿಲ್ಲ. ಗದ್ದ ಮೇಲೆತ್ತಿ “ಊಂ” ಎಂದರೆ ಸಾಕು. ಅದು ಹೌದು ಎಂದೂ ಆಗುತ್ತದೆ, ಅಲ್ಲ ಎಂದೂ ಆಗುತ್ತದೆ, ನಾಳೆ ನೋಡೋಣ ಎಂದೂ ಆಗುತ್ತದೆ. ಮುಂಚೆ ಊಟವಾದ ಮೇಲೆ ಒಂದು ಹಾಕುತ್ತಿದ್ದವನು ಈಗ ಬೆಳಗಿನಿಂದ ಸಂಜೆಯವರೆಗೆ ಒಂದು ಮುಗಿಯುವಷ್ಟರಲ್ಲಿ ಇನ್ನೊಂದು ಹಾಕತೊಡಗಿದೆ.

ಅದೇ ಹೊತ್ತಿಗೆ ಮನೆಯಲ್ಲಿ ಅನ್ನವೂ ದಾರಿ ತಪ್ಪಿತು. ನಾನು ಬರುವಾಗ ಒಲೆಯ ಮೇಲೆ ಅಕ್ಕಿ ಇನ್ನೂ ಕುದಿಯುತ್ತಿರುತ್ತಿತ್ತು. “ಸೌದೆ ಹಸಿ ಮಾರಾಯ್ರೇ, ಉರಿಯೋದೇ ಇಲ್ಲ,” ಎನ್ನುತ್ತಿದ್ದಳು. ಒಣ ಸೌದೆ ತಂದು ಹಾಕಿದೆ, ಆದರೂ ತಡ. ಮೂಗಿನ ತುದಿಯಲ್ಲೇ ಸಿಟ್ಟು ಇಟ್ಟುಕೊಂಡವನು ನಾನು, ಒಂದು ತಟ್ಟೆಯಾದರೂ ಕುಕ್ಕಬೇಕಿತ್ತು. ಕುಕ್ಕಲಿಲ್ಲ. ಗೋಡೆಗೆ ಒರಗಿ ಸುಮ್ಮನೆ ಕೂತಿರುತ್ತಿದ್ದೆ. ನನಗೆ ಸಿಟ್ಟು ಬಾರದ್ದು ಕಂಡೇ ಅವಳಿಗೆ ದಿಗಿಲಾದದ್ದು.

ಔಷಧಿಗೆ ಬರವೇ? ಶುಂಠಿ, ಜೇನುತುಪ್ಪ, ಕಾಳುಮೆಣಸು ಎಲ್ಲ ಆಯಿತು. ದೃಷ್ಟಿ ತೆಗೆದದ್ದಾಯಿತು, ತೋಳಿಗೆ ತಾಯಿತ ಬಂತು. ಬಸ್ಸಿನ ಮಾಲೀಕರ ಅನುಮಾನವೇ ಬೇರೆ. “ನಿಜ ಹೇಳು, ಎದುರು ಬಸ್ಸಿನವ್ರು ಕರೆದಿದಾರಾ ನಿನ್ನ?” ಎಂದು ಕೇಳಿದರು. ನಾನು ಗದ್ದ ಎತ್ತಿ “ಊಂ” ಎಂದೆ. ಅದನ್ನು ಅವರು ಹೌದೆಂದೇ ತಿಳಿದರು. “ಯುಗಾದಿ ತನಕ ನೋಡ್ತೀನಿ. ಆಮೇಲೆ ಬೇರೆ ಗಂಟಲು ಹುಡ್ಕೊಳ್ತೀನಿ,” ಎಂದು ಹೊರಟುಹೋದರು. ಕೆಲಸ ಹೋಗುತ್ತದೆಂದು ಕೇಳಿಯೂ ಎದೆ ಧಸಕ್ಕೆನ್ನಲಿಲ್ಲ.

ಹೆಂಡತಿ ಹಟ ಹಿಡಿದು ನನ್ನನ್ನು ಗಂಟಲಿನ ಡಾಕ್ಟರ ಹತ್ತಿರ ಎಳೆದುಕೊಂಡು ಹೋದಳು. ವಯಸ್ಸಾದವರು ಅವರು. ಗಂಟಲು ನೋಡಿ, “ಇಲ್ಲಿ ಏನೂ ಇಲ್ಲ,” ಎಂದರು. ಆಮೇಲೆ ನಿದ್ದೆ ಹೇಗೆ, ಊಟ ಹೇಗೆ ಎಂದು ವಿಚಾರಿಸಿದರು. ಎಲ್ಲಕ್ಕೂ ಅವಳೇ ಉತ್ತರ ಕೊಟ್ಟಳು. ತೀರ್ಥಹಳ್ಳಿಯಲ್ಲಿ ಒಬ್ಬ ಡಾಕ್ಟರು ಬೆಂಗಳೂರಿನಲ್ಲಿ ಮನಸ್ಸಿನ ಕಾಯಿಲೆಯ ವಿಷಯ ಓದಿ ಬಂದಿದ್ದಾರೆ, ಬುಧವಾರ ಬುಧವಾರ ಅದಕ್ಕೆಂದೇ ಕೂರುತ್ತಾರೆ, ಅಲ್ಲಿಗೆ ಹೋಗಿ ಎಂದು ಚೀಟಿ ಬರೆದುಕೊಟ್ಟರು.

ಹೊರಗೆ ಬಂದವನೇ ಹೇಳಿದೆ: “ಹುಚ್ಚಿನ ಡಾಕ್ಟ್ರ ಹತ್ರ ನಾ ಹೋಗಲ್ಲ. ಬಸ್ಸಲ್ಲಿ ಇರೋರೆಲ್ಲ ನನ್ನ ಗುರ್ತಿನೋರೇ. ಎಲ್ಲಿಗೆ ಅಂತ ಕೇಳಿದ್ರೆ ಎಂತ ಹೇಳ್ಲಿ?”

“ಅಮ್ಮನ ಮಂಡಿ ನೋವು ಅಂತ ಹೇಳಿ. ಅತ್ತೆ ನೋಡಾಕೆ ಹೊಂಟಿದೀನಿ ಅನ್ನಿ,” ಎಂದಳು.

ಅವಳ ತವರು ತೀರ್ಥಹಳ್ಳಿ. ಅತ್ತೆಯ ಮಂಡಿಗೆ ಯಾವ ನೋವೂ ಇರಲಿಲ್ಲ, ದಿನಾ ತುಂಗೆಗಿಳಿದು ಮೆಟ್ಟಿಲು ಹತ್ತಿ ಬರುವ ಹೆಂಗಸು. ಆದರೂ ಬುಧವಾರದ ಮಟ್ಟಿಗೆ ಆ ಮಂಡಿ ಊದಿಕೊಂಡಿತು. ಎರಡನೇ ವಾರಕ್ಕೆ ಬಸ್ಸಿಗೆ ಬಸ್ಸೇ ಅದರ ಕ್ಷೇಮ ವಿಚಾರಿಸತೊಡಗಿತು. ಹೊಸನಗರದಲ್ಲಿ ಹತ್ತಿದ ಅಜ್ಜಿಯೊಬ್ಬರು ಯಾವುದೋ ಎಣ್ಣೆಯ ಸೀಸೆ ಕೊಟ್ಟು, “ಬಿಸಿ ಮಾಡಿ ತಿಕ್ಕಿ ಅಂತ ಹೇಳಪ್ಪಾ,” ಎಂದರು. ಅದನ್ನು ತಂದು ಅತ್ತೆಗೇ ಕೊಟ್ಟೆ. ಅವರು ಅದನ್ನು ಮಾವನ ಬೆನ್ನಿಗೆ ತಿಕ್ಕಿ ತೀರಿಸಿದರು.

ಡಾಕ್ಟರು ನನಗಿಂತ ನಾಲ್ಕೈದು ವರ್ಷ ಚಿಕ್ಕವರು, ಅದೇ ನನಗೆ ಮೊದಲು ಹಿಡಿಸಲಿಲ್ಲ. ಒಂದು ಕೋಣೆ, ಎದುರುಬದುರು ಎರಡು ಕುರ್ಚಿ, ಕಿಟಕಿಯ ಹೊರಗೆ ದಾಸವಾಳ. ಚುಚ್ಚುವುದಿಲ್ಲ, ಎದೆಗೆ ಕೊಳವೆ ಇಡುವುದಿಲ್ಲ. “ಹೇಗಿದ್ದೀರಿ, ಹೇಳಿ,” ಎಂದು ಕೂತುಬಿಟ್ಟರು. ನಾನು ಒಳಗೆ ಹೋಗುವ ಮುನ್ನ ಹೊಸ ಕವಳ ಹಾಕಿದ್ದೆ. ಗದ್ದ ಎತ್ತಿ “ಊಂ” ಎಂದೆ. ಅರ್ಧ ಗಂಟೆಯಲ್ಲಿ ಒಂದಿಪ್ಪತ್ತು “ಊಂ” ಹೇಳಿ ಎದ್ದುಬಂದೆ. ಎರಡನೇ ಬುಧವಾರವೂ ಅಷ್ಟೇ. ಡಾಕ್ಟರು ಒಳ್ಳೆಯವರು, ಏನೂ ತೊಂದರೆ ಕೊಡುವುದಿಲ್ಲ ಎಂದು ಹೆಂಡತಿಗೆ ವರದಿ ಕೊಟ್ಟೆ.

ಮೂರನೇ ಬುಧವಾರ ಬಾಗಿಲಲ್ಲೇ ತಡೆದರು. “ಕವಳ ಉಗಿದು ಬನ್ನಿ,” ಎಂದರು. “ಇಲ್ಲಿ ಮಾತೇ ಔಷಧಿ. ನೀವು ಬಾಯಿಗೆ ಬೀಗ ಹಾಕ್ಕೊಂಡು ಬಂದು ಕೂತ್ರೆ ನಾನು ಎಲ್ಲಿಂದ ಹಾಕಲಿ?”

ಅವಮಾನವಾಯಿತು. ಆದರೂ ದಾಸವಾಳದ ಬುಡದಲ್ಲಿ ಉಗಿದೆ, ಬಾಯಿ ಮುಕ್ಕಳಿಸಿದೆ, ಎಲೆ ಸಂಚಿಯನ್ನು ಕಿಟಕಿಯ ಮೇಲಿಟ್ಟು ಒಳಗೆ ಬಂದೆ. ಎಷ್ಟೋ ತಿಂಗಳ ಮೇಲೆ ಬಾಯಿ ಖಾಲಿಯಾಗಿತ್ತು. ನಾಲಿಗೆಯನ್ನು ಎಲ್ಲಿಡಬೇಕೆಂದು ತಿಳಿಯಲಿಲ್ಲ. ಕೊನೆಗೆ ನಾನೇ ಹೇಳಿದೆ: “ಬೆಳಿಗ್ಗೆ ಏಳೋದು ಯಾಕೆ ಅಂತ ಗೊತ್ತಾಗಲ್ಲ ಡಾಕ್ಟ್ರೇ.”

“ಸತ್ತುಹೋಗೋಣ ಅನ್ನಿಸುತ್ತಾ?” ಎಂದು ಅವರು ನೇರವಾಗಿ ಕೇಳಿದರು.

ಅದನ್ನು ಯಾರೂ ಕೇಳಿರಲಿಲ್ಲ. “ನಾ ಇಲ್ದೇ ಇದ್ರೇ ಎಲ್ರಿಗೂ ಒಳ್ಳೇದಿತ್ತು ಅನ್ನಿಸ್ತದೆ,” ಎಂದೆ. ಹೇಳಿದ ಕೂಡಲೇ ಅಳು ಬಂತು. ಮನೆಯಲ್ಲಿ ಎಷ್ಟು ಕಾದರೂ ಬಾರದ ಅಳು ಅಲ್ಲಿ ಬಂತು. ಅವರು ಬೆಚ್ಚಲಿಲ್ಲ, ಬುದ್ಧಿ ಹೇಳಲಿಲ್ಲ. ಇದನ್ನು ನಿಮ್ಮ ಮನೆಯವರಿಗೂ ಹೇಳಬೇಕು, ಹಾಗೆ ಅನ್ನಿಸಿದ ದಿನ ಒಬ್ಬರೇ ಇರಬಾರದು, ಬುಧವಾರವೇ ಆಗಬೇಕೆಂದಿಲ್ಲ, ಯಾವ ದಿನವಾದರೂ ಸರಿ ಬಸ್ಸು ಹತ್ತಿ ಬನ್ನಿ ಎಂದರು. ಇದು ಸೋಮಾರಿತನವಲ್ಲ, ಕಾಯಿಲೆ ಎಂದರು. ಜ್ವರ ಬಂದವನನ್ನು ಗಟ್ಟಿ ಮನಸ್ಸು ಮಾಡು ಎಂದು ಬೈಯುತ್ತಾರಾ ಎಂದು ಕೇಳಿದರು. ಮುಳುಗಿದ ಊರಿನಿಂದ ಬಂತೇ ಎಂದು ನಾನೇ ಕೇಳಿದಾಗ, “ಇರಬಹುದು. ಕೆಲವರಿಗೆ ಹತ್ತು ಕಾರಣ ಇರುತ್ತೆ, ಕೆಲವರಿಗೆ ಒಂದೂ ಕಾಣೋದಿಲ್ಲ. ಗುಣ ಆಗೋಕೆ ಕಾರಣ ಸಿಗಲೇಬೇಕು ಅಂತೇನಿಲ್ಲ,” ಎಂದರು. ಕೆಲವರಿಗೆ ಮಾತ್ರೆಯೂ ಬೇಕಾಗುತ್ತದಂತೆ. ನನಗೂ ಒಂದಷ್ಟು ವಾರ ಕೊಟ್ಟರು.

ಆ ಸಂಜೆ ಅತ್ತೆಯ ಮನೆಗೆ ಹೋಗಲಿಲ್ಲ, ನೇರ ಸಾಗರಕ್ಕೆ ಬಂದು ಹೆಂಡತಿಗೆ ಹೇಳಿದೆ. ಅವಳು ನನ್ನ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಆಮೇಲೆ ಮೂಗು ಒರೆಸಿಕೊಂಡು, “ಮುಂದಿನ ಬುಧವಾರ ನಾನೂ ಬತ್ತೀನಿ. ಅಮ್ಮನ ಮಂಡಿ ನಾನೂ ನೋಡ್ಬೇಕಲ್ಲ,” ಎಂದಳು. ನನಗೆ ನಗು ಬಂತು. ಎಷ್ಟು ದಿನಕ್ಕೆ ಬಂದ ನಗುವೋ ಏನೋ, ಕೆನ್ನೆ ನೋವಾಯಿತು.

ಅಲ್ಲಿಂದ ಮುಂದೆ ಪಾಠಗಳು ಶುರುವಾದವು. ದಿನಕ್ಕೊಂದು ಸಣ್ಣ ಕೆಲಸ, ಮನಸ್ಸಿರಲಿ ಬಿಡಲಿ. ಸೋಮವಾರ ಗಡ್ಡ ಕೆರೆದುಕೊಳ್ಳುವುದು. ಮಂಗಳವಾರ ಬಾವಿಯಿಂದ ನಾಲ್ಕು ಕೊಡ ನೀರು. ಮಾಡುವ ಮುಂಚೆ ಹೇಗಿತ್ತು, ಮಾಡಿದ ಮೇಲೆ ಹೇಗಿತ್ತು ಎಂದು ಬಂದು ಹೇಳಬೇಕು. ನನ್ನ ಕೂಗು ಯಾರಿಗೂ ಬೇಡ ಎಂದು ನಾನು ಹೇಳಿದರೆ, “ಹಾಗಂತ ಎಷ್ಟು ಜನ ಹೇಳಿದ್ರು?” ಎಂದು ಕೇಳುತ್ತಿದ್ದರು. ಯೋಚಿಸಿ ನೋಡಿದರೆ ಒಬ್ಬರೂ ಹೇಳಿರಲಿಲ್ಲ. “ಹಾಗಾದ್ರೆ ಹೇಳಿದ್ದು ಯಾರು?” “ನಾನೇ.” “ಅವರ ಮಾತನ್ನ ಅಷ್ಟೊಂದು ನಂಬ್ತೀರಲ್ಲ, ಯಾಕೆ?” ಎನ್ನುವರು. ಚಿಕ್ಕ ವಯಸ್ಸಿನ ಡಾಕ್ಟರು, ಬಾಯಿ ಮಾತ್ರ ಜೋರು. ಎಲ್ಲ ವಾರವೂ ಮೇಲೇ ಹೋಗಲಿಲ್ಲ. ನಡುವೆ ಒಂದು ವಾರ ಮತ್ತೆ ಚಾಪೆ ಬಿಟ್ಟು ಏಳಲಿಲ್ಲ. ಅದೂ ಲೆಕ್ಕದಲ್ಲಿ ಇದ್ದದ್ದೇ, ಏಳುವುದನ್ನು ಮತ್ತೆ ಶುರು ಮಾಡಿ ಎಂದರು.

ಯುಗಾದಿಗೆ ಇನ್ನು ಎರಡು ವಾರ ಎನ್ನುವಾಗ, “ಇಲ್ಲಿ ಕೂಗಿ ನೋಡೋಣ,” ಎಂದರು. “ಇಲ್ಲೇ?” “ಇಲ್ಲೇ. ಮುಳುಗಿದ ಊರನ್ನೂ ಸೇರಿಸಿ.”

ಎದ್ದು ನಿಂತೆ. ಮೊದಲ ಹೆಸರು ಒಡಕು ಗಡಿಗೆಯ ಸದ್ದಿನಂತೆ ಬಂತು. ಎರಡನೆಯದು ಪರವಾಗಿಲ್ಲ. ತಾಯಿಯ ತವರು ಬರುವ ಹೊತ್ತಿಗೆ ಗಂಟಲು ಪೂರಾ ತೆರೆದುಕೊಂಡಿತ್ತು. ಆ ಊರಿನ ಗದ್ದೆ, ಅಜ್ಜನ ಕಟ್ಟೆ, ಎಲ್ಲಕ್ಕೂ ಕೇಳಿಸುವ ಹಾಗೆ ಕೂಗಿದೆ. ಕಣ್ಣಲ್ಲಿ ನೀರು, ಬಾಯಲ್ಲಿ “ತೀರ್ಥಳ್ಳೀ, ತೀರ್ಥಳ್ಳೀ!” ಅಷ್ಟರಲ್ಲಿ ಬಾಗಿಲು ದಡಾರನೆ ತೆರೆಯಿತು. ಹೊರಗೆ ಸರದಿ ಕಾಯುತ್ತಿದ್ದ ಯಜಮಾನರೊಬ್ಬರು ಕೈಚೀಲ ಎತ್ತಿಕೊಂಡು ನಿಂತಿದ್ದರು. “ಬಸ್ ಬಂತಾ?” ಎಂದರು. ಡಾಕ್ಟರು ಮೇಜಿಗೆ ತಲೆ ಹಚ್ಚಿ ನಕ್ಕರು.

ಮರುದಿನ ಗುರುವಾರ. ಹನ್ನೊಂದಕ್ಕೆ ಮುಂಚೆ ಬಸ್ಸಿನ ಪಕ್ಕ ನಿಂತು, ಬಾಯಿ ಮುಕ್ಕಳಿಸಿ ಕೂಗಿದೆ. ಎಲ್ಲ ಊರನ್ನೂ ಕೂಗಿದೆ. ಅಮ್ಮನ ಊರು ಬರುವ ಜಾಗದಲ್ಲಿ ಮಾತ್ರ ಒಂದು ಉಸಿರು ತೆಗೆದುಕೊಂಡೆ. ಹೋಟೆಲಿನಿಂದ ಇಬ್ಬರು ಅರ್ಧ ದೋಸೆ ಬಿಟ್ಟು ಓಡಿಬಂದರು. ಮಾಲೀಕರು ತಮ್ಮ ಬಸ್ಸಿನ ಕಿಟಕಿಯಿಂದ ತಲೆ ಹೊರಗೆ ಹಾಕಿ, “ನಿಮ್ಮತ್ತೆ ಮಂಡಿ ವಾಸಿಯಾಯ್ತು ಅನ್ನು,” ಎಂದರು.

ಮನೆಗೆ ಬಂದೆ. ತಟ್ಟೆ ಹಾಕಿತ್ತು, ಅನ್ನ ಹಬೆಯಾಡುತ್ತಿತ್ತು. ಕೂತು ಎರಡು ತುತ್ತು ಉಂಡ ಮೇಲೆ ಹೊಳೆಯಿತು. ಗೂಡಿನಲ್ಲಿ ಟೈಂಪೀಸ್ ಟಿಕ್ ಟಿಕ್ ಎನ್ನುತ್ತಿತ್ತು. ಮದುವೆಗೆ ಬಂದ ಉಡುಗೊರೆ, ಒಂದು ನಿಮಿಷ ಹಿಂದೆ ಮುಂದೆ ಆಗದ ಗಡಿಯಾರ.

“ಅಲ್ಲ ಮಾರಾಯ್ತಿ, ಇಷ್ಟು ತಿಂಗಳು ತಡ ಆಗಿದ್ದು ಸೌದೆಯಿಂದ ಅಲ್ಲ, ಅಲ್ವಾ? ಗಡಿಯಾರ ನೋಡಿ ಹತ್ತೂವರೆಗೆ ಎಸರಿಡಬಹುದಿತ್ತಲ್ಲ?”

ಅವಳು ಅಪ್ಪೆಹುಳಿ ಬಡಿಸುತ್ತಿದ್ದಳು, ತಲೆ ಎತ್ತಲಿಲ್ಲ.

“ಇಡಬಹುದಿತ್ತು,” ಎಂದಳು. “ಇವತ್ತಾದ್ರೂ ಕೂಗ್ತಾರೇನೋ ಅಂತ ಬಸ್ಸು ಹೊರಡೋ ತನಕ ಕಾಯ್ತಿದ್ದೆ. ಗಡಿಯಾರ ನೋಡಿ ಇಟ್ಬಿಟ್ರೆ, ನೀವು ಇನ್ನು ಕೂಗಲ್ಲ ಅಂತ ನಾನೇ ಒಪ್ಕೊಂಡಂಗೆ ಆಗ್ತಿತ್ತಲ್ಲ.”